ಹಗಲೆಲ್ಲ ಬೀಗ ಹಾಕುವ ಮನೆಗೆ: ರಾಜಪಾಳಯಂ ಅಥವಾ ರಾಟ್‌ವೀಲರ್?

ಮೈಸೂರಿನ ಕುವೆಂಪುನಗರದಲ್ಲಿ ಮನೆ, ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಕಾವಲಿಗೆ ನಾಯಿ ಬೇಕು. ಸರಿ. ಆದರೆ ಕಾವಲು ನಾಯಿಗೆ ಒಂಟಿತನ ಕಾಡಲ್ಲ ಅನ್ನೋದು ಸುಮ್ನೆ ಮಾತು.

ರಾಟ್‌ವೀಲರ್ ಜರ್ಮನಿಯಲ್ಲಿ ದನ ಹೊಡೆಯುತ್ತಾ ಜನರ ಜೊತೆಗೇ ಬೆಳೆದ ತಳಿ. ಮನೆಯವರ ಹಿಂದೆಯೇ ಸುತ್ತುತ್ತದೆ, ಒಂಟಿಯಾಗಿ ಬಿಟ್ಟರೆ ಕೊರಗುವುದು ಜಾಸ್ತಿ. ತಮಿಳುನಾಡಿನ ರಾಜಪಾಳಯಂ ತನ್ನ ಪಾಡಿಗೆ ಇರುತ್ತದೆ. ಆದರೆ ಒಬ್ಬರನ್ನೇ ಹಚ್ಚಿಕೊಂಡರೆ, ಅವರು ಹೊರಟಾಗ ಇದಕ್ಕೂ ಸಂಕಟವೇ.

ನಾಯಿ ಗಲಾಟೆ ಮಾಡುವುದು ಸಂಕಟಕ್ಕೋ ಕಾವಲಿಗೋ ತಿಳಿಯಲು ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಆನ್ ಮಾಡಿಟ್ಟು ಹೋಗಿ. ನೀವು ಹೊರಟ ಅರ್ಧ ಗಂಟೆಯೊಳಗೇ ಜೊಲ್ಲು ಸುರಿಸಿ, ಬಾಗಿಲ ಚೌಕಟ್ಟು ಕೆರೆದು ಊಳಿಟ್ಟರೆ ಅದು ಸಂಕಟ. ಗೇಟಿನ ಮುಂದೆ ಯಾರಾದರೂ ಹಾದಾಗ ಮಾತ್ರ ಬೊಗಳಿದರೆ ಅದರ ಡ್ಯೂಟಿ, ಅಷ್ಟೇ.

ಖರ್ಚಲ್ಲಿ ರಾಟ್‌ವೀಲರ್ ದುಬಾರಿ, ಊಟವೂ ಹೆಚ್ಚು, ಬಿಸಿಲಿಗೂ ಏದುಸಿರು. ರಾಜಪಾಳಯಂಗೆ ಸಣ್ಣ ಕೂದಲು, ಸೆಕೆ ತಡೆಯುತ್ತದೆ. ಓಡಲು ಜಾಗ ಮಾತ್ರ ಬೇಕೇ ಬೇಕು.

ಹಗಲು ಅತ್ತೆ-ಮಾವ ಮನೆಯಲ್ಲಿದ್ದರೆ ರಾಟ್‌ವೀಲರ್ ಆಗಬಹುದು. ಮಂಡ್ಯ ಕಡೆ ಬೇಲಿ ಹಾಕಿದ ತೋಟದ ಮನೆಯಾದರೆ ರಾಜಪಾಳಯಂ. ಯಾವುದೇ ತಂದರೂ ಮೊದಲು ಐದು ನಿಮಿಷ, ಆಮೇಲೆ ಹತ್ತು, ಹೀಗೆ ಮರಿಯಿಂದಲೇ ಒಂಟಿಯಾಗಿರುವುದನ್ನು ಅಭ್ಯಾಸ ಮಾಡಿಸಿ.