ಲಾಂಗ್ ವೇವಾ ಮೀಡಿಯಂ ವೇವಾ? ಒಂದು ಚಳಿಗಾಲ ಪೂರ್ತಿ ಹಾಡು ಹುಡುಕಿ ನೋಡಿದ್ದು

2023ರ ನವೆಂಬರ್‌ನಿಂದ 2024ರ ಮಾರ್ಚ್‌ವರೆಗೆ ಹೆಚ್ಚುಕಮ್ಮಿ ದಿನಾ ರಾತ್ರಿ ಎರಡು ರೇಡಿಯೋ ಮುಂದೆ ಇಟ್ಕೊಂಡು ಕೂತಿದ್ದೀನಿ. ಊರು ಇಂಗ್ಲೆಂಡಿನ ಇಪ್ಸ್‌ವಿಚ್, ಪೂರ್ವ ಕರಾವಳಿಗೆ ಹತ್ರ. ಹುಡುಕಿದ್ದು ಒಂದೇ: ಮೀಡಿಯಂ ವೇವ್ ಮತ್ತೆ ಲಾಂಗ್ ವೇವ್‌ನಲ್ಲಿ ಇವತ್ತಿಗೂ ಕೂತು ಕೇಳೋವಂಥ ಹಾಡು ಎಲ್ಲಿ ಬರುತ್ತೆ ಅಂತ. ದೂರದ ಸ್ಟೇಷನ್ ಎಷ್ಟು ಹಿಡಿದೆ ಅಂತ ಪಟ್ಟಿ ಮಾಡೋರು ತುಂಬಾ ಜನ ಇದ್ದಾರೆ, ನನ್ನ ಲೆಕ್ಕ ಅದಲ್ಲ. ಹಾಡು ಅರ್ಧ ಗಂಟೆ ಎದ್ದುಹೋಗದೆ ಕೇಳಕ್ಕೆ ಆದ್ರೆ ಪಾಸು, ಇಲ್ಲಾಂದ್ರೆ ಇಲ್ಲ.

ನಾನು ಬೆಳೆದಿದ್ದು ಭದ್ರಾವತಿ ಆಕಾಶವಾಣಿ ಕೇಳ್ಕೊಂಡು, 675 ಕಿಲೋಹರ್ಟ್ಸ್. ಅಪ್ಪ ಬೆಳಗ್ಗೆ ಹಲ್ಲುಜ್ಜಕ್ಕೆ ಮುಂಚೆನೇ ರೇಡಿಯೋ ಹಾಕೋರು, ಆ ಸೆಟ್‌ನ ಮುಳ್ಳು ವರ್ಷಗಟ್ಟಲೆ ಅಲ್ಲೇ ನಿಂತಿದ್ದು, ರಾತ್ರಿ ಮಾತ್ರ ಧಾರವಾಡದ ಸಂಗೀತ ಬೇಕು ಅಂತ 765ಕ್ಕೆ ಹೋಗ್ತಿತ್ತು. ಮೀಡಿಯಂ ವೇವ್‌ಗಿಂತ ಕೆಳಗಿನ ನಂಬರುಗಳಲ್ಲಿ ಲಾಂಗ್ ವೇವ್ ಅಂತ ಒಂದು ಬ್ಯಾಂಡ್ ಇದೆ ಅನ್ನೋದೇ ನಮಗೆ ಗೊತ್ತಿರ್ಲಿಲ್ಲ, ಯಾಕಂದ್ರೆ ಭಾರತದಲ್ಲಿ ಆ ಬ್ಯಾಂಡ್‌ನಲ್ಲಿ ರೇಡಿಯೋ ಪ್ರಸಾರನೇ ಇಲ್ಲ. ಇಲ್ಲಿಗೆ ಬಂದು ಸೆಕೆಂಡ್‌ಹ್ಯಾಂಡ್ ಅಂಗಡೀಲಿ ಒಂದು ಹಳೇ ರಾಬರ್ಟ್ಸ್ ಸೆಟ್ ತಗೊಂಡಾಗಲೇ ಎಲ್‌ಡಬ್ಲ್ಯೂ ಅನ್ನೋ ಬಟನ್ ನೋಡಿದ್ದು. ಮರದ ಡಬ್ಬಿ, ಕೆಳಗಡೆ ತಿರುಗೋ ತಟ್ಟೆ ಇದೆ, ಸೆಟ್ ಇಟ್ಟಲ್ಲೇ ಗಿರ್ರಂತ ತಿರುಗಿಸ್ಬಹುದು. ಮೊದಲು ಅದು ಶೋಕಿಗೆ ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಒಳಗೆ ಆಂಟೆನಾ ಆಗಿರೋ ಫೆರೈಟ್ ಕಡ್ಡಿಯ ತುದಿ ಸ್ಟೇಷನ್ ಕಡೆ ನೆಟ್ಟಗೆ ನಿಂತ್ರೆ ಆ ಸ್ಟೇಷನ್ ಕುಗ್ಗುತ್ತೆ, ಅಡ್ಡಡ್ಡ ನಿಂತ್ರೆ ಜೋರಾಗುತ್ತೆ, ಹಾಗಾಗಿ ಬೇಡದೇ ಇರೋದನ್ನ ಕುಗ್ಸಿ ಬೇಕಾದ್ದನ್ನ ಕೇಳಕ್ಕೆ ಆ ತಟ್ಟೆ ಎಷ್ಟು ಉಪಯೋಗ ಅಂತ. ಇನ್ನೊಂದು ಟೆಕ್ಸನ್ ಪಿಎಲ್-380, ಅಂಗೈಯಷ್ಟು ದೊಡ್ಡದು, ಡಿಜಿಟಲ್ ನಂಬರು, ಬ್ಯಾಂಡ್‌ವಿಡ್ತ್, ಅಂದ್ರೆ ಒಂದು ಸಲಕ್ಕೆ ಎಷ್ಟು ಅಗಲಕ್ಕೆ ಕೇಳ್ಬೇಕು ಅನ್ನೋದನ್ನ, 1ರಿಂದ 6 ಕಿಲೋಹರ್ಟ್ಸ್‌ವರೆಗೆ ಬದಲಾಯಿಸ್ಬಹುದು.

ಇವೆರಡರಲ್ಲಿ ಯಾವುದು ಯಾವುದಕ್ಕೆ ಅಂತ ಮೊದಲು ಹೇಳ್ಬಿಡ್ತೀನಿ. ಸ್ಟೇಷನ್ ಹುಡುಕಕ್ಕೆ ಟೆಕ್ಸನ್, ಸಿಕ್ಕಿದ್ದನ್ನ ಕೇಳಕ್ಕೆ ರಾಬರ್ಟ್ಸ್. ಟೆಕ್ಸನ್‌ನಲ್ಲಿ ಪಕ್ಕದ ಸ್ಟೇಷನ್ ನುಗ್ಗೋದಿಲ್ಲ, ನಂಬರ್ ಒತ್ತಿದ್ರೆ ನೇರ ಅಲ್ಲೇ ಹೋಗಿ ಕೂರುತ್ತೆ, ಆದ್ರೆ ಅದರ ಪುಟ್ಟ ಸ್ಪೀಕರ್‌ನಲ್ಲಿ ಗಾಯಕರ ಗಂಟಲಿಗೆ ಮೈ ಇರಲ್ಲ. ರಾಬರ್ಟ್ಸ್‌ನ ಮರದೊಳಗಿಂದ ಬರೋ ದನಿಗೆ ಒಂದು ಬಿಸುಪಿದೆ, ಹೆಂಗೂ ಈ ಬ್ಯಾಂಡ್‌ಗಳಲ್ಲಿ ಎಫ್‌ಎಂ ತರ ಕೀರಲು ದನಿವರೆಗೆ ಬರಲ್ಲ, ಬರೋ ಅಷ್ಟರಲ್ಲಿ ಮರದ ಡಬ್ಬೀನೇ ಚೆನ್ನ.

ಈಗ ಸ್ಟೇಷನ್‌ಗಳಿಗೆ ಬರ್ತೀನಿ.

ಮೀಡಿಯಂ ವೇವ್‌ನಲ್ಲಿ ನನಗೆ ಹಗಲಿನ ರಾಣಿ ರೇಡಿಯೋ ಕ್ಯಾರೋಲೈನ್, 648. 1964ರ ಈಸ್ಟರ್‌ನಲ್ಲಿ ಹಡಗಿನ ಮೇಲಿಂದ ಸರ್ಕಾರದ ಲೈಸೆನ್ಸ್ ಇಲ್ಲದೆ ಹಾಡು ಹಾಕಕ್ಕೆ ಶುರು ಮಾಡಿದ ಸ್ಟೇಷನ್ ಇದೇ, ರೋನನ್ ಒ'ರಹಿಲಿ ಅನ್ನೋರು ಕಟ್ಟಿದ್ದು. ದಶಕಗಟ್ಟಲೆ ಸಮುದ್ರ, ಕೇಸು, ಮುಳುಗಡೆ ಎಲ್ಲಾ ಕಂಡು, 2017ರ ಕೊನೇಲಿ ಲೈಸೆನ್ಸ್ ತಗೊಂಡು ನಮ್ಮ ಸಫೋಕ್ ಕರಾವಳಿಯ ಆರ್ಫರ್ಡ್ ನೆಸ್‌ನಿಂದ ಮೀಡಿಯಂ ವೇವ್‌ಗೆ ವಾಪಸ್ ಬಂತು. ಅದೇ ಜಾಗದಿಂದ ಅದೇ 648ರಲ್ಲಿ 2011ರವರೆಗೆ ಬಿಬಿಸಿ ವರ್ಲ್ಡ್ ಸರ್ವಿಸ್ ಬರ್ತಿತ್ತು. ಕ್ಯಾರೋಲೈನ್‌ದು ಮೊದಲು 1 ಕಿಲೋವ್ಯಾಟ್, ಆಮೇಲೆ 4 ಆಯ್ತು, ಅಷ್ಟೇ, ಆದ್ರೆ ನಮ್ಮ ಮನೆಗೆ ಸುಮಾರು 30 ಕಿಲೋಮೀಟರ್, ಮಧ್ಯೆ ಬಯಲು, ಹಗಲು ಹೊತ್ತಲ್ಲಿ ಗೊರಗೊರ ಅನ್ನೋದೇ ಇಲ್ಲ. ಅರವತ್ತು ಎಪ್ಪತ್ತರ ದಶಕದ ರಾಕ್, ಅದೂ ಬರೀ ಹಿಟ್ ಹಾಡಲ್ಲ, ಆಲ್ಬಂನ ಒಳಗಿರೋ ಆರೇಳು ನಿಮಿಷದ ಹಾಡುಗಳು. ಹಾಕೋರು ಹಾಡಿನ ಬಗ್ಗೆ ಎರಡು ಮಾತು ಆಡ್ತಾರೆ, ಅದು ಅವರೇ ಇಷ್ಟಪಟ್ಟು ಆರಿಸಿದ್ದು ಅಂತ ಮಾತಲ್ಲೇ ಗೊತ್ತಾಗುತ್ತೆ. ತಿಂಗಳಿಗೊಂದು ವೀಕೆಂಡ್ ಅವರ ಹಳೇ ಹಡಗು ರಾಸ್ ರಿವೆಂಜ್ ಮೇಲಿಂದಲೇ ಲೈವ್ ಮಾಡ್ತಾರೆ, ಹಡಗು ಈಗ ಎಸೆಕ್ಸ್‌ನ ಬ್ಲ್ಯಾಕ್‌ವಾಟರ್ ನದೀಲಿ ನಿಂತಿದೆ.

ತೊಂದರೆ ರಾತ್ರಿದು. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕು ಗಂಟೆ ಒಳಗೆ ಸೂರ್ಯ ಮುಳುಗ್ತಾನೆ, ಹಗಲಲ್ಲಿ ಮೀಡಿಯಂ ವೇವ್‌ನ ಹೀರ್ಕೊಳ್ತಿದ್ದ ಆಕಾಶದ ಕೆಳಪದರ ಕತ್ತಲಾಗ್ತಿದ್ದಂಗೆ ಕರಗುತ್ತೆ, ಆಗ ಸಾವಿರಾರು ಕಿಲೋಮೀಟರ್ ಆಚೆಯ ಸ್ಟೇಷನ್‌ಗಳು ಮೇಲಿನ ಪದರಕ್ಕೆ ಬಡಿದು ಕೆಳಗಿಳೀತವೆ. ಭದ್ರಾವತಿ ಕಡೆ ಸಂಜೆ ಆಗ್ತಿದ್ದಂಗೆ ತಮಿಳು ತೆಲುಗು ಮಲಯಾಳ ಎಲ್ಲಾ ಒಟ್ಟಿಗೆ ಬರ್ತಿದ್ದು ಇದೇ ಕಾರಣಕ್ಕೆ. ಇಲ್ಲಿ 648ರ ಹಾಡಿನ ಕೆಳಗೆ ಸ್ಪ್ಯಾನಿಶ್ ಮಾತು ಅಲೆ ತರ ಬಂದು ಹೋಗುತ್ತೆ. ನನಗೆ ಇಷ್ಟು ಹತ್ರ ಇರೋದ್ರಿಂದ ಸೆಟ್ ಸ್ವಲ್ಪ ತಿರುಗ್ಸಿದ್ರೆ ಸರಿಹೋಗುತ್ತೆ, ಲಂಡನ್ ಆಚೆ ಇರೋರಿಗೆ ರಾತ್ರಿ ಇದನ್ನ ನೆಚ್ಕೊಳ್ಳಿ ಅಂತ ನಾನು ಹೇಳಲ್ಲ.

ಕ್ಯಾರೋಲೈನ್ ಬಿಟ್ರೆ ಮೀಡಿಯಂ ವೇವ್‌ನಲ್ಲಿ ಹಾಡಿಗೆ ನಿಜವಾಗ್ಲೂ ಬರ ಬಂದಿದೆ. 1215ರಲ್ಲಿ 1993ರಿಂದ ದೇಶ ಪೂರ್ತಿ ರಾಕ್ ಹಾಡು ಬರ್ತಿತ್ತು, ಮೊದಲು ವರ್ಜಿನ್ ಅಂತ, ಆಮೇಲೆ ಆಬ್ಸೊಲ್ಯೂಟ್ ಅಂತ, 2023ರ ಜನವರೀಲಿ ಅದನ್ನ ನಿಲ್ಸಿದ್ರು. ಆ ನಂಬರಿಗೆ ಹೋಗಿ ಕೇಳ್ದಾಗೆಲ್ಲ ನನಗೆ ಬೇಜಾರಾಗುತ್ತೆ. ಹಾಲೆಂಡ್‌ನ ಸಣ್ಣ ಸಣ್ಣ ಸ್ಟೇಷನ್‌ಗಳು, 100 ವ್ಯಾಟ್ ಒಳಗಿನವು, ಬ್ಯಾಂಡ್‌ನ ಮೇಲ್ತುದೀಲಿ ಹಾಡು ಹಾಕ್ತವೆ, ಒಳ್ಳೇ ಹಾಡೇ ಹಾಕ್ತವೆ, ಆದ್ರೆ ಒಂದು ಹಾಡು ಪೂರ್ತಿ ಕೈಗೆ ಸಿಗಲ್ಲ, ಪಲ್ಲವಿ ಕೇಳಿಸಿದ್ರೆ ಚರಣ ಮಾಯ. ಸ್ಪೇನ್‌ನವು ಜೋರಾಗಿ ಬರ್ತವೆ, ಬಹುಪಾಲು ಮಾತು ಮತ್ತೆ ಫುಟ್‌ಬಾಲ್. ನನ್ನ ಅರ್ಧ ಗಂಟೆ ಲೆಕ್ಕದಲ್ಲಿ ಇವು ಯಾವೂ ಪಾಸ್ ಆಗ್ಲಿಲ್ಲ.

ಲಾಂಗ್ ವೇವ್ ಕಥೆನೇ ಬೇರೆ. ಸ್ಟೇಷನ್ ಎಣಿಸಿದ್ರೆ ಎರಡು ಕೈ ಬೆರಳು ಬೇಡ. ಜರ್ಮನಿಯವ್ರು 2014ರ ಕೊನೇಲಿ ನಿಲ್ಸಿದ್ರು, ಫ್ರಾನ್ಸ್ ಇಂಟರ್ 162 2016ರ ಕೊನೇಲಿ, ಐರ್ಲೆಂಡ್‌ನ 252 2023ರ ಏಪ್ರಿಲ್‌ನಲ್ಲಿ. ಆದ್ರೆ ಉಳಿದಿರೋವು ದೈತ್ಯರು, ನೂರಾರು ಕಿಲೋವ್ಯಾಟ್, ಕೆಲವು ಸಾವಿರದ ಲೆಕ್ಕ. ಈ ಅಲೆ ನೆಲಕ್ಕೆ ಅಂಟ್ಕೊಂಡು ದೂರ ಹೋಗುತ್ತೆ, ಮೀಡಿಯಂ ವೇವ್ ತರ ಕ್ಷಣಕ್ಕೊಂದು ಸಲ ಏರಿ ಇಳಿಯಲ್ಲ, ಒಂದು ಸಲ ಹಿಡಿದು ಇಟ್ರೆ ಗಂಟೆಗಟ್ಟಲೆ ಹಾಗೇ ನಿಂತಿರುತ್ತೆ. ಹಾಡು ಕೇಳೋರಿಗೆ ಬೇಕಾಗಿದ್ದು ಅದೇ ಅಲ್ವಾ?

ಇವುಗಳಲ್ಲಿ ನನ್ನ ಮೊದಲ ಪ್ರೀತಿ 252, ಅಲ್ಜೀರಿಯಾ ರೇಡಿಯೋದ ಫ್ರೆಂಚ್ ಚಾನೆಲ್, ಅವರು ಶೆನ್ ತ್ರುವಾ ಅಂತಾರೆ, ಮೂರನೇ ಚಾನೆಲ್ ಅಂತ ಅರ್ಥ. ಟ್ರಾನ್ಸ್‌ಮಿಟರ್ ಇರೋದು ತಿಪಾಝಾದಲ್ಲಿ, ಮೆಡಿಟರೇನಿಯನ್ ದಡ, ನನ್ನ ಮನೆಯಿಂದ ಸುಮಾರು 1700 ಕಿಲೋಮೀಟರ್. ಐರ್ಲೆಂಡ್‌ನವ್ರೂ ಇದೇ 252ರಲ್ಲೇ ಇದ್ದಿದ್ರಿಂದ ಮೊದಲು ಎರಡೂ ಒಂದರ ಮೇಲೊಂದು ಬೀಳ್ತಿದ್ವು, ಅವರು ನಿಲ್ಸಿದ ಮೇಲೆ ದಾರಿ ಖಾಲಿ ಆಯ್ತು, ಈಗ ರಾತ್ರಿ ಎಂಟರ ಮೇಲೆ ಲೋಕಲ್ ಸ್ಟೇಷನ್ ತರ ಬರುತ್ತೆ. ಐರ್ಲೆಂಡ್‌ನವರದ್ದು ಹೋಗಿದ್ದು ಅಲ್ಲಿಂದ ಇಲ್ಲಿಗೆ ಬಂದ ವಯಸ್ಸಾದವರಿಗೆ ದೊಡ್ಡ ನಷ್ಟ, ಅದು ನನಗೆ ಗೊತ್ತು, ಊರಿನ ದನಿ ಕಳ್ಕೊಳ್ಳೋದು ಏನು ಅಂತ ಪರದೇಶದಲ್ಲಿ ಇರೋರಿಗೆ ಹೇಳ್ಬೇಕಾಗಿಲ್ಲ.

252ರಲ್ಲಿ ಒಂದೇ ಗಂಟೇಲಿ ಏನೇನು ಬರುತ್ತೆ ಅಂದ್ರೆ, ಒಂದು ಫ್ರೆಂಚ್ ಹಾಡು, ಅದರ ಹಿಂದೇನೇ ಅಲ್ಜೀರಿಯಾದ ಓರಾನ್ ಊರಿನ ಕಡೆಯ ರಾಯ್ ಅನ್ನೋ ಹಾಡು, ಆಮೇಲೆ ಕಬೈಲ್ ಗುಡ್ಡದವರ ಹಾಡು, ಮಧ್ಯೆ ಒಂದು ಅಮೆರಿಕನ್ ಸೋಲ್ ಸಂಗೀತದ ಹಾಡು. ನಾನು ಕಾಯೋದು ಶಾಬಿಗೆ. ಶಾಬಿ ಅಂದ್ರೆ ಜನರದ್ದು ಅಂತ, ಅಲ್ಜೀರ್ಸ್ ಊರಿನ ಹಾಡುಗಾರಿಕೆ, ಎಲ್ ಅಂಕಾ ಅನ್ನೋ ದೊಡ್ಡ ಗಾಯಕರು ಅದಕ್ಕೆ ಗುರು ಸಮಾನ. ಮಂಡೋಲ್ ಅಂತ ಒಂದು ವಾದ್ಯ, ಮ್ಯಾಂಡೊಲಿನ್‌ನ ದೊಡ್ಡಣ್ಣ ಅನ್ನಿ. ಹಾಡು ನಿಧಾನಕ್ಕೆ, ಯಾರೋ ಕಥೆ ಹೇಳ್ತಿರೋ ಹಂಗೆ ಶುರುವಾಗುತ್ತೆ, ಹೋಗ್ತಾ ಹೋಗ್ತಾ ಲಯ ಬಿಗಿಯಾಗಿ, ಕೊನೆಗೆ ಎಲ್ಲರೂ ಸೇರಿ ಓಡೋ ಓಟ ಇದೆಯಲ್ಲ, ಧಾರವಾಡದ ಸ್ಟೇಷನ್‌ನಲ್ಲಿ ರಾತ್ರಿ ಬರ್ತಿದ್ದ ಗಾಯನದಲ್ಲಿ ವಿಲಂಬಿತ್ ಮುಗಿದು ದ್ರುತ್‌ಗೆ ಹೋದಾಗ ಅಪ್ಪ ಎದ್ದು ಕೂರ್ತಿದ್ರು, ನಾನು ಇಲ್ಲಿ ಹಾಗೇ ಎದ್ದು ಕೂರ್ತೀನಿ. ಭಾಷೆ ಒಂದಕ್ಷರ ಬರಲ್ಲ. ಫುಟ್‌ಬಾಲ್ ಮ್ಯಾಚ್ ಇದ್ದ ದಿನ ಮಾತ್ರ ಹಾಡು ಸಿಗಲ್ಲ, ಆ ದಿನ ಬೇರೆ ಕಡೆ ಹೋಗ್ಬೇಕು.

225 ಪೋಲೆಂಡ್. ಪೋಲಿಷ್ ರೇಡಿಯೋದ ಒಂದನೇ ಚಾನೆಲ್, ಯೆಡಿಂಕಾ ಅಂತಾರೆ, 1000 ಕಿಲೋವ್ಯಾಟ್, ಸೊಲೆಟ್ಸ್ ಕುಯಾವ್‌ಸ್ಕಿ ಅನ್ನೋ ಊರಿಂದ. ಮೊದಲು ಕಾನ್‌ಸ್ಟಾಂಟಿನುಫ್‌ನಲ್ಲಿ 646 ಮೀಟರ್ ಎತ್ತರದ ಕಂಬ ಇತ್ತು, ಆಗ ಪ್ರಪಂಚದಲ್ಲೇ ಅದಕ್ಕಿಂತ ಎತ್ತರದ್ದು ಇರ್ಲಿಲ್ಲ, 1991ರ ಆಗಸ್ಟ್‌ನಲ್ಲಿ ತಂತಿ ಬದಲಾಯಿಸೋವಾಗ ಬಿದ್ದುಹೋಯ್ತು. ಸಿಗ್ನಲ್ ಲೆಕ್ಕದಲ್ಲಿ 252ಕ್ಕಿಂತ ಇದೇ ಗಟ್ಟಿ, ಮೋಡ ಇರ್ಲಿ ಮಳೆ ಇರ್ಲಿ ಹಗಲಲ್ಲೂ ಬರುತ್ತೆ. ಆದ್ರೆ ಮಾತು ಜಾಸ್ತಿ, ಸುದ್ದಿ ಚರ್ಚೆ ಮುಗಿದು ಹಾಡು ಬರೋ ಹೊತ್ತು ಯಾವುದು ಅಂತ ಕಲೀಬೇಕು. ರಾತ್ರಿ ಹೊತ್ತಾದ ಮೇಲೆ ಪೋಲಿಷ್ ಹಳೇ ಹಾಡುಗಳು ಬರ್ತವೆ, ಮಂದ್ರದ ದನಿ, ಪಿಯಾನೋ, ನಿದ್ದೆಗೆ ಮುಂಚೆ ತುಂಬಾ ಹಿತ. ಇನ್ನು ನಾನು ತಪ್ಪಿಸದೇ ಕೇಳೋದು ಅವರ ಮಧ್ಯಾಹ್ನ ಹನ್ನೆರಡಕ್ಕೆ, ಅಂದ್ರೆ ನಮ್ಮ ಹನ್ನೊಂದಕ್ಕೆ, ಕ್ರಾಕೋವ್‌ನ ಚರ್ಚ್ ಗೋಪುರದಿಂದ ಊದೋ ತುತ್ತೂರಿ. 1927ರಿಂದ ರೇಡಿಯೋದಲ್ಲಿ ಬರ್ತಿದೆ. ರಾಗ ಮೇಲೇರ್ತಾ ಏರ್ತಾ ಥಟ್ಟಂತ ಅರ್ಧಕ್ಕೇ ನಿಲ್ಲುತ್ತೆ, ಊದ್ತಿದ್ದವನ ಗಂಟಲಿಗೆ ಶತ್ರುವಿನ ಬಾಣ ಬಿತ್ತು ಅಂತ ಅಲ್ಲಿಯ ಕಥೆ. ಮನೆಯಿಂದ ಕೆಲಸ ಮಾಡೋ ದಿನ ಅದಕ್ಕೋಸ್ಕರ ಹನ್ನೊಂದಕ್ಕೆ ಮೀಟಿಂಗ್ ಇಟ್ಕೊಳ್ಳಲ್ಲ.

171ರಲ್ಲಿ ಮೊರಾಕೊದ ಮೆಡಿ 1. ಅರಬ್ಬಿ ಫ್ರೆಂಚ್ ಎರಡೂ ಭಾಷೆ ಹಾಡು ಸುದ್ದಿ ಕಲಸಿ ಹಾಕ್ತಾರೆ, ಕೇಳಕ್ಕೆ ಚೆನ್ನಾಗಿದೆ, ಆದ್ರೆ 252 ಇರೋವಾಗ ನನ್ನ ಕೈ ಆ ಕಡೆ ಹೋಗೋದು ಕಮ್ಮಿ. ಬಿಬಿಸಿ ರೇಡಿಯೋ 4, 198, ಆ ಚಳಿಗಾಲದಲ್ಲಿ ಬೆಟ್ಟದಷ್ಟು ಗಟ್ಟಿಯಾಗಿ ಬರ್ತಿತ್ತು, ಅಲ್ಲಿ ಇದ್ದಿದ್ದು ಮಾತು ಮತ್ತೆ ಹಡಗಿನವರಿಗೆ ಹವಾಮಾನ, ಹಾಡಿಗೆ ಲೆಕ್ಕಕ್ಕಿರ್ಲಿಲ್ಲ.

ಉಳಿದಿದ್ದು 153, ರೊಮೇನಿಯಾದ ಆಂತೇನಾ ಸಾತೆಲೋರ್, ಹಳ್ಳಿಗಳ ಆಂಟೆನಾ ಅಂತ ಅರ್ಥ, ಹಳ್ಳಿಯವರಿಗೇ ಅಂತ ಇರೋ ಸ್ಟೇಷನ್. ಬ್ರಾಷೋವ್ ಹತ್ರ ಬೋದ್ ಅನ್ನೋ ಹಳ್ಳಿಯಿಂದ 1930ರ ದಶಕದಿಂದ ಲಾಂಗ್ ವೇವ್ ಬರ್ತಿದೆ, ನನಗೆ 1900 ಕಿಲೋಮೀಟರ್ ಹತ್ರ. ಈ ಪಟ್ಟೀಲಿ ಹಿಡಿಯಕ್ಕೆ ಎಲ್ಲಕ್ಕಿಂತ ಕಷ್ಟ ಇದೇ. ಮನೆಯೊಳಗೆ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಟಿವಿ ಎಲ್ಲಾ ಸೇರಿ ಈ ತುದೀಲಿ ಜುಯ್ಯ್ ಅಂತ ಎಷ್ಟು ಗಲಾಟೆ ಮಾಡ್ತವೆ ಅಂದ್ರೆ ಮೊದಲ ಹದಿನೈದು ದಿನ ಅಲ್ಲಿ ಸ್ಟೇಷನ್ ಇದೆ ಅಂತಾನೇ ಗೊತ್ತಾಗ್ಲಿಲ್ಲ. ಒಂದಿನ ಮೇನ್ ಸ್ವಿಚ್ ಆಫ್ ಮಾಡಿ ಮೇಣದಬತ್ತಿ ಹಚ್ಕೊಂಡು ಕೂತೆ, ಟೆಕ್ಸನ್‌ನ ಬ್ಯಾಂಡ್‌ವಿಡ್ತ್ 3 ಕಿಲೋಹರ್ಟ್ಸ್‌ಗೆ ಇಟ್ಟು ಕಿಟಕಿ ಹತ್ರ ಹಿಡಿದೆ, ಆಗ ಬಂತು ಪಿಟೀಲು. ಅದರ ಹಿಂದೆ ತಂತಿ ಮೇಲೆ ಕಡ್ಡೀಲಿ ಬಡಿಯೋ ವಾದ್ಯ, ಅವರು ತ್ಸಂಬಲ್ ಅಂತಾರೆ.

ಆ ಡಿಸೆಂಬರ್‌ನಲ್ಲಿ ಅಮ್ಮ ನಮ್ಮನೇಲಿದ್ರು. ಅವರಿಗೆ ಇಲ್ಲಿನ ಚಳಿ ಕತ್ತಲು ಎರಡೂ ಆಗ್ತಿರ್ಲಿಲ್ಲ, ಸಂಜೆ ನಾನು ರೇಡಿಯೋ ತಿರುಗಿಸ್ತಾ ಕೂತ್ರೆ ಪಕ್ಕದಲ್ಲಿ ಶಾಲು ಹೊದ್ದು ಕೂರೋರು. ಕ್ಯಾರೋಲೈನ್ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಎದ್ದು ಹೋಗೋರು, 225 ಆದ್ರೆ ತೂಕಡಿಸೋರು. 153 ಬಂದ ದಿನ, "ಇದು ಸಂತೂರ್ ಅಲ್ವೇನೋ?" ಅಂತ ಕೇಳಿದ್ರು. ಹೌದಮ್ಮ, ಅದರದ್ದೇ ಜಾತಿ ಅಂದೆ. ಹೆಂಗಸೊಬ್ಬರು ಲಯ ಇಲ್ಲದೆ ಎಳೆದು ಎಳೆದು ಹಾಡ್ತಿದ್ರು, ದೋಯ್ನಾ ಅಂತಾರೆ ಅದಕ್ಕೆ, ಅಗಲಿಕೆಯ ಹಾಡು. ಅಮ್ಮ ಸುಮ್ಮನೆ ಕೇಳ್ತಾ, "ತೌರುಮನೆ ನೆನೆಸ್ಕೊಂಡು ಹಾಡ್ತಿದ್ದಾಳೆ ಪಾಪ" ಅಂದ್ರು. ಅವರಿಗೆ ಅದು ಯಾವ ದೇಶ ಅಂತ ನಾನಿನ್ನೂ ಹೇಳಿರ್ಲಿಲ್ಲ. ಆಮೇಲೆ ಅವರು ಇದ್ದಷ್ಟು ದಿನ ಊಟ ಆದ್ಮೇಲೆ ಅರ್ಧ ಗಂಟೆ ಮನೆ ದೀಪ ಎಲ್ಲಾ ಆರ್ಸೋದು ಪದ್ಧತಿ ಆಯ್ತು.

ಹಾಗಾಗಿ ಅಮ್ಮನ ಓಟು 153ಕ್ಕೆ, ನನ್ನದು 252ಕ್ಕೆ. ಅಡುಗೆಮನೇಲಿ ಹಗಲಿಗೆ 648, ಅದಕ್ಕೆ ಪೈಪೋಟಿನೇ ಇಲ್ಲ. ಒಟ್ಟು ಬ್ಯಾಂಡ್ ಲೆಕ್ಕ ಹಾಕಿದ್ರೆ ಲಾಂಗ್ ವೇವ್ ಗೆಲ್ಲುತ್ತೆ, ಸ್ಟೇಷನ್ ಕಮ್ಮಿ ಇದ್ರೂ ಹಾಡು ಪೂರ್ತಿ ಕೇಳಕ್ಕೆ ಬಿಡುತ್ತೆ. ಯೂರೋಪಿನಲ್ಲಿರೋ ನಮ್ಮೋರು ಹೊಸ ರೇಡಿಯೋ ತಗೊಳ್ಳೋ ಹಾಗಿದ್ರೆ ಎಲ್‌ಡಬ್ಲ್ಯೂ ಇದ್ಯಾ ಅಂತ ಡಬ್ಬಿ ಮೇಲೆ ನೋಡಿ ತಗೊಳ್ಳಿ, ಎಷ್ಟೋ ಸೆಟ್‌ನಲ್ಲಿ ಈಗ ಅದನ್ನ ಹಾಕ್ತಾನೇ ಇಲ್ಲ. ಊರಿಂದ ತರೋ ಸೆಟ್‌ನಲ್ಲಿ ಎಎಂ ಅಂತ ಬರೆದಿದ್ರೆ ಅದು ಬರೀ ಮೀಡಿಯಂ ವೇವ್. ಮತ್ತೆ ಮೊದಲ ದಿನ ಏನೂ ಬರ್ಲಿಲ್ಲ ಅಂತ ವಾಪಸ್ ಕೊಡ್ಬೇಡಿ, ಚಾರ್ಜರ್ ಎಲ್ಲಾ ಕಿತ್ತು, ಕಿಟಕಿ ಹತ್ರ ಹೋಗಿ, ಸೆಟ್‌ನ ಸುತ್ತ ತಿರುಗ್ಸಿ ನೋಡಿ.