ಎಂಜಿನಿಯರಿಂಗ್ ಕಾಲೇಜು ಚೆನ್ನಾಗಿದ್ಯಾ? ನಾಲ್ಕು ವರ್ಷ ಇದ್ದು ಬಂದವಳ ಉತ್ತರ

ಮೊದಲೇ ಹೇಳಿಬಿಡುತ್ತೇನೆ, ಕಾಲೇಜಿನ ಹೆಸರು ಬರೆಯುವುದಿಲ್ಲ. ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಕಾಲೇಜು. ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ್ದು, ಆಟೋನಮಸ್ ಅಲ್ಲ, ಅಂದರೆ ಪ್ರಶ್ನೆಪತ್ರಿಕೆ ತಾನೇ ಮಾಡಿಕೊಳ್ಳುವ ಕಾಲೇಜಲ್ಲ. 2021ರಲ್ಲಿ ಇ ಅಂಡ್ ಸಿಗೆ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಸೇರಿ 2025ರಲ್ಲಿ ಮುಗಿಸಿದೆ. ಸಿಇಟಿ ಬರೆದು ಆಪ್ಷನ್ ಎಂಟ್ರಿಗೆ (ಬೇಕಾದ ಕಾಲೇಜು, ಬ್ರಾಂಚ್‌ಗಳ ಪಟ್ಟಿ ಹಾಕುವುದಕ್ಕೆ) ಕೂತಿರುವ ನಮ್ಮೂರಿನ ಮಕ್ಕಳು ಫೋನ್ ಮಾಡಿ "ಅಕ್ಕಾ, ನಿಮ್ ಕಾಲೇಜು ಚೆನ್ನಾಗಿದ್ಯಾ?" ಅಂತ ಕೇಳುತ್ತಾರೆ. ಹೌದು ಅಂದರೂ ಸುಳ್ಳಾಗುತ್ತದೆ, ಇಲ್ಲ ಅಂದರೂ ಸುಳ್ಳಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನದು ಹೊಸದುರ್ಗದ ಹತ್ತಿರದ ಹಳ್ಳಿ. ಹತ್ತನೇ ತರಗತಿವರೆಗೂ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ನಮ್ಮ ಬ್ಯಾಚ್‌ಗೆ ಸೆಕೆಂಡ್ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಕೋವಿಡ್‌ನಿಂದ ರದ್ದಾಗಿ, ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕ್ ಕೊಟ್ಟರು. ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮದ್ದು 5 ಪರ್ಸೆಂಟ್, ಎರಡಕ್ಕೂ ಶಾಲೆಯಿಂದ ಸರ್ಟಿಫಿಕೇಟ್ ತಂದು ಇಟ್ಟಿದ್ದೆ. ಸೀಟ್ ಸಿಕ್ಕಿತು. ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು. ಕಾಲೇಜನ್ನು ಮಾತ್ರ ನಮ್ಮ ಮನೆಯಲ್ಲಿ ಒಬ್ಬರೂ ಕಣ್ಣಾರೆ ನೋಡಿರಲಿಲ್ಲ. ವೆಬ್‌ಸೈಟ್‌ನಲ್ಲಿದ್ದ ಫೋಟೋ ನೋಡಿಯೇ ಛಾಯ್ಸ್ 1 ಒತ್ತಿದ್ದು. ಛಾಯ್ಸ್ 1 ಅಂದರೆ ಅಲ್ಲಿಗೆ ಮುಗಿಯಿತು, ಮುಂದಿನ ಸುತ್ತಿಗೆ ಹೋಗುವ ಹಾಗಿಲ್ಲ. ಛಾಯ್ಸ್ 2 ಆಗಿದ್ದರೆ ಸೀಟನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದಿನ ಸುತ್ತು ನೋಡಬಹುದಿತ್ತು. ನನಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಏನು ಅಂದುಕೊಂಡಿದ್ದೆ? ಪಿಯುನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಕ್ಲಾಸು, ಆಮೇಲೆ ಟ್ಯೂಷನ್ನು. ಇನ್ನು ಸ್ವಲ್ಪ ಉಸಿರಾಡಬಹುದು ಅಂತ. ಸಂಜೆ ಲ್ಯಾಬ್‌ನಲ್ಲಿ ಕೂತು ಏನಾದರೂ ಮಾಡಬಹುದು ಅಂತ. ರೇಡಿಯೋ ಬಿಚ್ಚಿ ನೋಡುವ ಹುಚ್ಚು ನನಗೆ ಚಿಕ್ಕಂದಿನಿಂದ ಇತ್ತು, ಅದಕ್ಕೇ ಇ ಅಂಡ್ ಸಿ ತಗೊಂಡಿದ್ದು.

ಉಸಿರಾಟದ ಆಸೆ ಮೊದಲ ವಾರವೇ ಹೋಯಿತು. ವಿಟಿಯುನಲ್ಲಿ ಶೇಕಡ 85 ಹಾಜರಾತಿ ಬೇಕು. ಬೆಳಗ್ಗೆ ಒಂಬತ್ತಕ್ಕೆ ಒಳಗೆ ಹೋದರೆ ನಾಲ್ಕೂವರೆಗೆ ಹೊರಗೆ. ಕಾಲೇಜೇ ಕೊಡುವ ಇಂಟರ್ನಲ್ಸ್‌ಗೆ 50 ಅಂಕ, ಸೆಮಿಸ್ಟರ್ ಪರೀಕ್ಷೆ 100ಕ್ಕೆ ಬರೆದರೂ 50ಕ್ಕೆ ಇಳಿಸುತ್ತಾರೆ, ಎರಡರಲ್ಲೂ ಬೇರೆ ಬೇರೆ ಪಾಸಾಗಬೇಕು. ಹಾಗಾಗಿ ಇಂಟರ್ನಲ್ಸ್, ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್ ಅಂತ ಒಂದಲ್ಲ ಒಂದು ಮೇಲೆ ಬೀಳುತ್ತಲೇ ಇರುತ್ತದೆ. ಇದು ಕಾಲೇಜಿನ ತಪ್ಪಲ್ಲ, ವ್ಯವಸ್ಥೆಯೇ ಹಾಗಿದೆ. ಗೊತ್ತಿದ್ದರೆ ಅಷ್ಟು ಬೇಜಾರಾಗುವುದಿಲ್ಲ.

ನನಗೆ ನಿಜವಾಗಿ ಏಟು ಕೊಟ್ಟಿದ್ದು ಭಾಷೆ. ಪಿಯು ಪುಸ್ತಕ ಇಂಗ್ಲಿಷ್‌ನಲ್ಲಿದ್ದರೂ ಮೇಷ್ಟ್ರು ಕನ್ನಡದಲ್ಲೇ ಬಿಡಿಸಿ ಹೇಳುತ್ತಿದ್ದರು. ಇಲ್ಲಿ ಅರ್ಧ ಕ್ಲಾಸಿಗೆ ಕನ್ನಡ ಬಾರದು, ಕೆಲವು ಲೆಕ್ಚರರ್‌ಗಳಿಗೂ ಬಾರದು. ರೋಧ, ವಿಭವಾಂತರ, ಅವಕಲನ ಅಂದರೆ ನನಗೆ ತಟ್ಟನೆ ಅರ್ಥವಾಗುತ್ತದೆ. ರೆಸಿಸ್ಟೆನ್ಸ್, ಪೊಟೆನ್ಷಿಯಲ್ ಡಿಫರೆನ್ಸ್ ಅಂತ ಸರ ಸರ ಹೇಳಿಕೊಂಡು ಹೋದರೆ, ನಾನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಬೋರ್ಡು ಅಳಿಸಿಬಿಟ್ಟಿರುತ್ತಿದ್ದರು. ವಿಷಯ ಗೊತ್ತಿದ್ದೂ ಬಾಯಿ ಬಿಡಲಾಗದೆ ಕೂರುವುದು ಎಷ್ಟು ಕಷ್ಟ ಅಂತ ಅದನ್ನು ಅನುಭವಿಸಿದವರಿಗೇ ಗೊತ್ತು. ಮೊದಲ ಸೆಮಿಸ್ಟರ್‌ನಲ್ಲಿ ಎಂ1, ಅಂದರೆ ಗಣಿತ, ಬ್ಯಾಕ್ ಆಯಿತು (ಫೇಲಾಗಿ ಮತ್ತೆ ಬರೆಯಬೇಕಾಯಿತು). ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ. ಅಮ್ಮನಿಗೆ ಎರಡು ವಾರ ಹೇಳಲಿಲ್ಲ.

ಇಲ್ಲಿ ಕಾಲೇಜಿನ ಮೇಲೆ ನನ್ನ ದೂರು ಇದೆ. ಕನ್ನಡ ಮಾಧ್ಯಮದಿಂದ ಬಂದವರು ಪ್ರತಿ ವರ್ಷ ಇದ್ದೇ ಇರುತ್ತಾರೆ, ಅದು ಆಫೀಸಿನ ದಾಖಲೆಯಲ್ಲೇ ಇದೆ. ಅವರನ್ನು ಮೊದಲ ತಿಂಗಳು ಸಂಜೆ ಒಂದು ಗಂಟೆ ಕೂರಿಸಿ ಪದಗಳ ಪರಿಚಯ ಮಾಡಿಸಿದ್ದರೆ ಸಾಕಿತ್ತು. ನಾವು ಐದಾರು ಜನ ಹೋಗಿ ಕೇಳಿದೆವು. ಆಗಲಿ ನೋಡೋಣ ಅಂದರು. ನಾಲ್ಕು ವರ್ಷವೂ ನೋಡುತ್ತಲೇ ಇದ್ದರು. ಅದೇ ಸಮಯಕ್ಕೆ ಸ್ಕಿಲ್ ಟ್ರೈನಿಂಗ್ ಅಂತ ಹೆಸರಿಟ್ಟು ಸರ್ಕಾರಿ ಶುಲ್ಕದ ಮೇಲೆ ಬೇರೆ ದುಡ್ಡು ಕಟ್ಟಿಸಿಕೊಂಡರು. ಅಡ್ಮಿಷನ್ ದಿನ ಅದರ ಸುದ್ದಿಯೇ ಇರಲಿಲ್ಲ. ಅಪ್ಪ ರಾಗಿ ಮಾರಿದ ದುಡ್ಡು ಅದು. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ನೀವು ಸೇರುವ ಮೊದಲೇ ನಾಲ್ಕೂ ವರ್ಷಕ್ಕೆ ಏನೇನು ಕಟ್ಟಬೇಕು ಅಂತ ಬರವಣಿಗೆಯಲ್ಲಿ ಕೇಳಿ, ರಸೀದಿ ಕೊಡದ ದುಡ್ಡು ಕೊಡಬೇಡಿ.

ಹಾಗಾದರೆ ದಾಟಿದ್ದು ಹೇಗೆ? ಮೂರು ಜನರಿಂದ.

ಒಬ್ಬರು ಲೈಬ್ರರಿಯ ಮೇಡಂ. ನಮ್ಮ ಲೈಬ್ರರಿ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತಿತ್ತು. ಬ್ರೋಷರ್‌ನಲ್ಲಿ ಈ ವಿಷಯವೇ ಇರಲಿಲ್ಲ, ಬರೀ ಎಷ್ಟು ಸಾವಿರ ಪುಸ್ತಕ ಅಂತ ಇತ್ತು! ನಾನು ದಿನಾ ಒಂದೇ ಜಾಗದಲ್ಲಿ ಕೂರುವುದನ್ನು ಮೇಡಂ ನೋಡುತ್ತಿದ್ದರು. ಒಂದು ದಿನ ಹತ್ತಿರ ಬಂದು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಕೊಟ್ಟರು. ಆಟೋನಮಸ್ ಕಾಲೇಜುಗಳು ತಮ್ಮ ಪ್ರಶ್ನೆಪತ್ರಿಕೆ ತಾವೇ ಮಾಡಿಕೊಳ್ಳುತ್ತವೆ. ನಮ್ಮಂಥ ಕಾಲೇಜುಗಳಿಗೆ ಪತ್ರಿಕೆ ಬರುವುದು ವಿಟಿಯುನಿಂದ, ಎಲ್ಲರಿಗೂ ಒಂದೇ. ಐದು ಮಾಡ್ಯೂಲ್, ಪ್ರತಿ ಮಾಡ್ಯೂಲ್‌ನಿಂದ ಎರಡು ಪ್ರಶ್ನೆ, ಅದರಲ್ಲಿ ಒಂದಕ್ಕೆ ಉತ್ತರ, ತಲಾ 20 ಅಂಕ. ಇದು ತಲೆಗೆ ಹೋದ ಮೇಲೆ ಓದುವ ರೀತಿಯೇ ಬದಲಾಯಿತು. ಎಂ1 ಎರಡನೇ ಸಲಕ್ಕೆ ಪಾಸಾಯಿತು. ಆಮೇಲೆ ಒಂದೂ ಬ್ಯಾಕ್ ಇಲ್ಲ.

ಇನ್ನೊಬ್ಬಳು ರೂಮ್‌ಮೇಟ್. ಪಟ್ನಾದವಳು. ವಿಟಿಯುನಲ್ಲಿ ಕನ್ನಡ ಗೊತ್ತಿರುವವರಿಗೆ ಸಾಂಸ್ಕೃತಿಕ ಕನ್ನಡ, ಗೊತ್ತಿಲ್ಲದವರಿಗೆ ಬಳಕೆ ಕನ್ನಡ ಅಂತ ಒಂದು ಕ್ರೆಡಿಟ್‌ನ ವಿಷಯ ಇದೆ. ಅವಳಿಗೆ ಬಳಕೆ ಕನ್ನಡ ನಾನು ಹೇಳಿಕೊಡಬೇಕು, ನನಗೆ ಅವಳು ಇಂಗ್ಲಿಷ್ ಮಾತಾಡಿಸಬೇಕು, ಇದು ನಮ್ಮ ಒಪ್ಪಂದ. ದಿನಾ ಊಟ ಆದ ಮೇಲೆ ಅರ್ಧ ಗಂಟೆ. ತಪ್ಪು ಮಾಡಿದರೆ ನಗುತ್ತಿರಲಿಲ್ಲ, ಅದೇ ದೊಡ್ಡದು. ಎರಡನೇ ವರ್ಷದ ಹೊತ್ತಿಗೆ ನಾನು ಸೆಮಿನಾರ್ ಕೊಟ್ಟೆ, ಅವಳು ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿದ್ದಳು.

ಮೂರನೆಯವರು ಲ್ಯಾಬ್ ಅಟೆಂಡರ್ ಅಣ್ಣ. ಲ್ಯಾಬ್ ವೆಬ್‌ಸೈಟ್‌ನ ಫೋಟೋದಲ್ಲಿ ಎಷ್ಟು ಚೆಂದ ಇತ್ತು ಅಲ್ವಾ, ಹೋಗಿ ನೋಡಿದರೆ ಅರ್ಧದಷ್ಟು ಸಿಆರ್‌ಒ (ವಿದ್ಯುತ್ ಅಲೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ) ಕೆಲಸ ಮಾಡುತ್ತಿರಲಿಲ್ಲ. ಒಂದು ಸೆಟ್‌ಗೆ ನಾಲ್ಕು ಜನ. ಒಬ್ಬರು ಕನೆಕ್ಷನ್ ಕೊಡುತ್ತಾರೆ, ಮೂವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಸಂಜೆ ಎಲ್ಲರೂ ಹೋದ ಮೇಲೆ ಅಣ್ಣ ಬಾಗಿಲು ಹಾಕುವ ಮೊದಲು ನನಗೆ ಅರ್ಧ ಗಂಟೆ ಬಿಡುತ್ತಿದ್ದರು. ಬ್ರೆಡ್‌ಬೋರ್ಡ್‌ನಲ್ಲಿ ಯಾವ ತಂತಿ ಸಡಿಲ ಆಗಿದೆ ಅಂತ ಮಲ್ಟಿಮೀಟರ್ ಇಟ್ಟು ಹುಡುಕುವುದು, ಬೆಸುಗೆ ಹಾಕುವಾಗ ಮೊದಲು ತಂತಿಯನ್ನು ಕಾಯಿಸಿ ಆಮೇಲೆ ಸೀಸ ಮುಟ್ಟಿಸುವುದು, ಇದೆಲ್ಲ ಕಲಿಸಿದ್ದು ಅವರೇ. ಕನ್ನಡದಲ್ಲಿ. ಅವರ ಸಂಬಳ ಎಷ್ಟಿತ್ತೋ, ನಾನು ಕಟ್ಟಿದ ಫೀಸಿನಲ್ಲಿ ಅತಿ ಹೆಚ್ಚು ಸಾರ್ಥಕವಾಗಿದ್ದು ಆ ಭಾಗವೇ.

ಹಾಸ್ಟೆಲ್ ಪರವಾಗಿಲ್ಲ. ನೀರು ಬೇಸಿಗೆಯಲ್ಲಿ ಟ್ಯಾಂಕರ್. ಬೆಳಗ್ಗೆ ಚಿತ್ರಾನ್ನ ಇಲ್ಲವೇ ಉಪ್ಪಿಟ್ಟು, ರಾತ್ರಿ ಅನ್ನ ಸಾರು. ಮುದ್ದೆ ತಿಂದು ಬೆಳೆದವರಿಗೆ ಒಂದು ತಿಂಗಳು ಹೊಟ್ಟೆ ತುಂಬಿದ ಹಾಗೇ ಆಗುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಇಲ್ಲದ್ದರಿಂದ ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುತ್ತಿದ್ದೆ. ಅದಕ್ಕೆ ಮೊದಲು ಹಬ್ಬಕ್ಕೆ ಮಾತ್ರ. ಓದುವ ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಹಾಸ್ಟೆಲ್‌ನಲ್ಲಿ ಇದ್ದವರನ್ನು ಕೇಳಿ.

ಫೆಸ್ಟ್, ಎಥ್ನಿಕ್ ಡೇ ಎಲ್ಲ ಚೆನ್ನಾಗಿತ್ತು. ಆದರೆ ವರ್ಷದಲ್ಲಿ ಮೂರ‍್ನಾಲ್ಕು ದಿನ ಅಷ್ಟೇ, ಇನ್‌ಸ್ಟಾಗ್ರಾಂನಲ್ಲಿ ಕಾಣುವುದು ಆ ಮೂರ‍್ನಾಲ್ಕು ದಿನವೇ.

ಪ್ಲೇಸ್‌ಮೆಂಟ್ ಬಗ್ಗೆ ಎಲ್ಲರೂ ಕೇಳುತ್ತೀರಿ. ಬ್ರೋಷರ್‌ನಲ್ಲಿ ಅತಿ ದೊಡ್ಡ ಪ್ಯಾಕೇಜ್ ಒಂದನ್ನು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಅದು ಒಬ್ಬರಿಗೆ ಸಿಕ್ಕಿದ್ದು. ಒಬ್ಬರೇ ಮೂರು ಆಫರ್ ತಗೊಂಡರೆ ಲೆಕ್ಕದಲ್ಲಿ ಮೂರು ಅಂತ ಸೇರಿಸುವವರೂ ಇದ್ದಾರೆ. ಕೇಳಬೇಕಾದ್ದು ಇಷ್ಟು: ನಮ್ಮ ಬ್ರಾಂಚ್‌ನಲ್ಲಿ ಎಷ್ಟು ಜನ ಓದು ಮುಗಿಸಿದರು, ಅದರಲ್ಲಿ ಎಷ್ಟು ಜನ ಕೆಲಸಕ್ಕೆ ಸೇರಿದರು, ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮಧ್ಯದಲ್ಲಿ ನಿಲ್ಲುವವರ ಸಂಬಳ ಎಷ್ಟು. ಬಂದ ಕಂಪನಿಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರ್‌ನವೇ. ಹತ್ತನೇ ತರಗತಿ, ಪಿಯು, ಬಿಇ ಎಲ್ಲದರಲ್ಲೂ 60 ಪರ್ಸೆಂಟ್ ಇರಬೇಕು, ಬ್ಯಾಕ್ ಉಳಿದಿರಬಾರದು ಅಂತ ಮೊದಲೇ ಜರಡಿ ಹಿಡಿಯುತ್ತಿದ್ದರು. ನನಗೆ ಕೆಲಸ ಕ್ಯಾಂಪಸ್‌ನಲ್ಲಿ ಸಿಗಲಿಲ್ಲ. ಮುಗಿಸಿ ಮೂರು ತಿಂಗಳಿಗೆ ಪೀಣ್ಯದ ಒಂದು ಚಿಕ್ಕ ಕಂಪನಿಯಲ್ಲಿ ಸಿಕ್ಕಿತು, ಬೋರ್ಡ್ ಟೆಸ್ಟಿಂಗ್. ಇಂಟರ್‌ವ್ಯೂನಲ್ಲಿ ಕೆಟ್ಟ ಬೋರ್ಡ್ ಒಂದನ್ನು ಕೈಗೆ ಕೊಟ್ಟು ತಪ್ಪು ಹುಡುಕಿ ಅಂದರು. ಹುಡುಕಿದೆ. ಆವತ್ತು ಸಂಜೆ ಮೊದಲು ಫೋನ್ ಮಾಡಿದ್ದು ಅಟೆಂಡರ್ ಅಣ್ಣನಿಗೆ.

ಇಷ್ಟೆಲ್ಲ ನೋಡಿ ಕಾಲೇಜಿಗೆ 5ಕ್ಕೆ 3 ಕೊಡುತ್ತೇನೆ. ಆ ಮೂರೂ ಮೇಲೆ ಹೇಳಿದ ಜನರದ್ದೇ. ನಾಲ್ಕನೆಯದನ್ನು ಲ್ಯಾಬ್ ಸಾಮಾನು ರಿಪೇರಿ ಮಾಡಿಸಿದ್ದರೆ ಕೊಡುತ್ತಿದ್ದೆ.

ಸೀಟ್ ಒಪ್ಪಿಕೊಳ್ಳುವ ಮೊದಲು ದಯವಿಟ್ಟು ಒಂದು ದಿನ ಹೋಗಿ ಬನ್ನಿ. ಓಪನ್ ಡೇ ಅಂತ ಅವರು ಕರೆದ ದಿನ ಬೇಡ, ಮಾಮೂಲಿ ಮಂಗಳವಾರವೋ ಬುಧವಾರವೋ ಹೋಗಿ. ಗೇಟ್ ಹೊರಗಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಮೂರನೇ ವರ್ಷದವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಅವರನ್ನು ಮಾತಾಡಿಸಿ. ಲೈಬ್ರರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಲ್ಯಾಬ್‌ನಲ್ಲಿ ಒಂದು ಸೆಟ್‌ಗೆ ಎಷ್ಟು ಜನ, ಹಾಸ್ಟೆಲ್‌ಗೆ ಏಪ್ರಿಲ್‌ನಲ್ಲಿ ನೀರು ಬರುತ್ತದಾ ಅಂತ ಕೇಳಿ. ಮತ್ತೆ, ಗುಣಮಟ್ಟ ನೋಡಿ ಕೊಡುವ ಎನ್‌ಬಿಎ ಮಾನ್ಯತೆ ಇದೆ ಅಂತ ಬೋರ್ಡ್ ಹಾಕಿದ್ದರೆ ಯಾವ ಬ್ರಾಂಚ್‌ಗೆ ಅಂತ ನೋಡಿ. ನ್ಯಾಕ್ ಅನ್ನುವ ಇನ್ನೊಂದು ಮಾನ್ಯತೆಯನ್ನು ಇಡೀ ಕಾಲೇಜಿಗೆ ಕೊಡುತ್ತಾರೆ, ಎನ್‌ಬಿಎ ಒಂದೊಂದು ಬ್ರಾಂಚ್‌ಗೆ ಬೇರೆ ಬೇರೆ. ನೀವು ಸೇರುವ ಬ್ರಾಂಚ್‌ಗೆ ಅದು ಇಲ್ಲದೆಯೂ ಇರಬಹುದು.

ಕನ್ನಡ ಮಾಧ್ಯಮದಿಂದ ಬರುವವರಿಗೆ ಇನ್ನೊಂದು. ಮೊದಲ ವರ್ಷ ನಾನು ಒಂದು 200 ಪುಟದ ನೋಟ್‌ಬುಕ್ ಇಟ್ಟಿದ್ದೆ, ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್, ಕೆಳಗೆ ಒಂದು ಚಿತ್ರ. ನಾಲ್ಕನೇ ಸೆಮಿಸ್ಟರ್ ಹೊತ್ತಿಗೆ ತುಂಬಿತು. ಅದು ಈಗ ನನ್ನ ಹತ್ತಿರ ಇಲ್ಲ, ಚಳ್ಳಕೆರೆ ಕಡೆಯ ಒಬ್ಬ ಜೂನಿಯರ್ ಹುಡುಗಿ ಇಟ್ಟುಕೊಂಡಿದ್ದಾಳೆ. ಅವಳು ಎಲ್ಲ ಪುಟದ ಫೋಟೋ ತೆಗೆದು ಕಳಿಸಿದ್ದಾಳೆ. ಬೇಕಾದವರು ಕೇಳಿ, ಕಳಿಸಿಕೊಡುತ್ತೇನೆ. ಅಕ್ಷರ ಅಷ್ಟು ಚೆನ್ನಾಗಿಲ್ಲ, ಆದರೆ ಓದಬಹುದು.