ಎಫ್ 3.5, ಎಫ್ 8, ಎಫ್ 16: ಸ್ಟೀರಿಯೋ ಕ್ಯಾಮೆರಾದ ಮೂಲೆಗತ್ತಲು

ನನ್ನ ಸ್ಟೀರಿಯೋ ರಿಯಲಿಸ್ಟ್ ಹುಟ್ಟಿದ್ದು ನಾನೀಗ ಇರುವ ಅಮೆರಿಕದ ಮಿಲ್‌ವಾಕೀಯಲ್ಲೇ. ಡೇವಿಡ್ ವೈಟ್ ಕಂಪನಿ 1947ರಿಂದ 1971ರವರೆಗೆ ತಯಾರಿಸಿದ ಕ್ಯಾಮೆರಾ ಇದು. ಎರಡು ಲೆನ್ಸುಗಳಿಂದ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೆಗೆಯುತ್ತದೆ, ಎರಡನ್ನೂ ವ್ಯೂವರಿನಲ್ಲಿ ಒಟ್ಟಿಗೆ ನೋಡಿದರೆ ಆಳ ಕಾಣುತ್ತದೆ. ಚಿತ್ರದ ಮೂಲೆಗಳು ಯಾವ ಅಪರ್ಚರಿಗೆ ಎಷ್ಟು ಕಪ್ಪಾಗುತ್ತವೆ ನೋಡೋಣವೆಂದು ಒಂದು ಸಂಜೆ ಹೊತ್ತು ಮುಳುಗಿದ ಮೇಲೆ ಮಿಷಿಗನ್ ಸರೋವರದ ದಂಡೆಗೆ ಹೋಗಿ ಟ್ರೈಪಾಡ್ ಊರಿದೆ. (ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ತೂತು; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು.) ಎದುರಿಗೆ ಬೋಳು ಆಕಾಶ, ಎರಡು ಮೀಟರ್ ದೂರದಲ್ಲಿ ಒಂದು ಕಂಬಿಬೇಲಿ. 100 ಐಎಸ್‌ಒ (ಬೆಳಕಿಗೆ ಫಿಲ್ಮಿನ ಸೂಕ್ಷ್ಮತೆಯ ಅಳತೆ) ಸ್ಲೈಡ್ ಫಿಲ್ಮಿನಲ್ಲಿ ಮೂರು ಸಲ ಕ್ಲಿಕ್ಕಿಸಿದೆ: ಎಫ್ 3.5ಕ್ಕೆ ಸೆಕೆಂಡಿನ 1/50, ಎಫ್ 8ಕ್ಕೆ 1/10, ಎಫ್ 16ಕ್ಕೆ ಅರ್ಧ ಸೆಕೆಂಡು.

ಎಫ್ 3.5ರ ಸ್ಲೈಡನ್ನು ವ್ಯೂವರಿನಲ್ಲಿಟ್ಟು ನೋಡಿದ ನನ್ನ ಹೆಂಡತಿ, "ರೀ, ಇಲ್ಲಿ ಮೂಲೇಲಿ ಏನೋ ಮಿಣಮಿಣ ಅಂತಿದೆಯಲ್ಲ" ಎಂದಳು. ನಾನು ಮೊದಲು ಬೈದದ್ದು ವ್ಯೂವರನ್ನು. ಲೈಟ್‌ಬಾಕ್ಸ್ ಮೇಲಿಟ್ಟಾಗ ಗೊತ್ತಾಯಿತು, ಅದರದ್ದೇನೂ ತಪ್ಪಿಲ್ಲ. ಅಪರ್ಚರ್ ಅಗಲವಾಗಿದ್ದಾಗ ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆಯೇ ಒಂದಿಷ್ಟು ತಡೆದು ಅಂಚು ಕಪ್ಪಾಗಿಸುತ್ತದೆ. ಈ ಕ್ಯಾಮೆರಾದಲ್ಲಿ ಲೆನ್ಸುಗಳ ನಡುವಿನ ಅಂತರ 70 ಮಿ.ಮೀ., ಅವುಗಳ ಹಿಂದೆ ಚಿತ್ರ ಬೀಳುವ ಫಿಲ್ಮ್ ಕಿಂಡಿಗಳದ್ದು 71.25. ಹಾಗಾಗಿ ಪ್ರತಿ ಲೆನ್ಸೂ ತನ್ನ ಕಿಂಡಿಯ ನಟ್ಟನಡುವೆ ಇಲ್ಲ. ಎಡ ಚಿತ್ರದ ಬಲ ಅಂಚು, ಬಲ ಚಿತ್ರದ ಎಡ ಅಂಚು ಒಂದು ಗುಲಗಂಜಿ ಹೆಚ್ಚು ಕಪ್ಪು. ಸಾಮಾನ್ಯ ಫೋಟೋದಲ್ಲಿ ಮೂಲೆ ಕಪ್ಪಾದರೆ ಚಂದ ಅನ್ನುವವರಿದ್ದಾರೆ. ಇಲ್ಲಿ ಒಂದು ಕಣ್ಣು ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ, ಆ ಜಗಳವೇ ಮಿಣುಕು.

ಎಫ್ 8ಕ್ಕೆ ಜಗಳ ನಿಂತಿತು. ಮೂಲೆಗಳಲ್ಲಿ ಉಳಿದದ್ದು ಸುಮಾರು ಅರ್ಧ ಸ್ಟಾಪಿನಷ್ಟು ಕತ್ತಲು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಅದು ಬೆಳಕು ಓರೆಯಾಗಿ ಬೀಳುವುದರಿಂದ ಆಗುವುದು, ಎಫ್ 16ಕ್ಕೂ ಹೋಗಲಿಲ್ಲ. ಆದರೆ ಎಫ್ 8ರಲ್ಲಿ ದೂರಕ್ಕೆ ಫೋಕಸ್ ಮಾಡಿದ್ದರಿಂದ ಬೇಲಿ ಮಸುಕು. ಸ್ಟೀರಿಯೋದಲ್ಲಿ ಕಣ್ಣು ಮೊದಲು ಹೋಗುವುದೇ ಮುಂದಿರುವ ವಸ್ತುವಿಗೆ. ಎಫ್ 16ರಲ್ಲಿ ಕಂಬಿಯ ತುಕ್ಕೂ ಎಣಿಸುವಂತಿತ್ತು, ಅಲೆಗಳು ಮಾತ್ರ ಹಾಲಿನ ಕೆನೆಯಂತೆ ನುಣ್ಣಗಾಗಿದ್ದವು. ಎಫ್ 22ನ್ನು ಬೇರೊಂದು ದಿನ ನೋಡಿದ್ದೆ. ಕಿರಿದಾದ ತೂತಿನಲ್ಲಿ ಬೆಳಕು ಬಾಗಿ ಹರಡಿ ಚಿತ್ರವೆಲ್ಲ ಮೆತ್ತಗೆ. ಆ ಕಡೆ ಮತ್ತೆ ಹೋಗಿಲ್ಲ.

ಇನ್ನೊಂದು ಸ್ಟೀರಿಯೋ ಕ್ಯಾಮೆರಾ ಆದ ಕೊಡಾಕ್ ಸ್ಟೀರಿಯೋದಲ್ಲಿ ಇದೇ ಪರೀಕ್ಷೆ ಮಾಡಲು ಸಂಜೆ ಆಗದು, 1/25ಕ್ಕಿಂತ ನಿಧಾನದ ವೇಗವೇ ಅದರಲ್ಲಿ ಗುರುತು ಹಾಕಿಲ್ಲ. ಅದರ ವ್ಯೂಫೈಂಡರಿನೊಳಗಿನ ರಸಮಟ್ಟ ಮಾತ್ರ ನನ್ನ ರಿಯಲಿಸ್ಟಿಗೂ ಇರಬೇಕಿತ್ತು ಅನ್ನಿಸುತ್ತದೆ.

ಬಿಸಿಲಲ್ಲಿ ನನ್ನ ರಿಯಲಿಸ್ಟಿನ ಗರಿಷ್ಠ ವೇಗ 1/150, ಅಂದರೆ 100 ಐಎಸ್‌ಒಗೆ ಎಫ್ 11 ಮತ್ತು 16ರ ನಡುವೆ ನಿಲ್ಲಲೇಬೇಕು. ಹಟಕ್ಕೆ ಬಿದ್ದು ಎಫ್ 8 ಬಳಸಲು ಲೆನ್ಸಿಗೊಂದರಂತೆ ಎರಡು ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಬೂದು ಗಾಜು) ಸಿಕ್ಕಿಸಿದೆ. ಬಲಗಡೆಯ ರಿಂಗು ಕೂದಲೆಳೆಯಷ್ಟು ವಾಲಿತ್ತು. ಒಂದೇ ಕಣ್ಣಿನ ಮೂಲೆ ಕತ್ತರಿಸಿದಂತಾಯಿತು. ಅಪರ್ಚರ್ ಕಿರಿದು ಮಾಡಿದರೆ ಸರಿಹೋದೀತೆಂದು ಎಫ್ 16ಕ್ಕೆ ತಿರುಗಿಸಿದೆ, ಆ ಅಂಚು ಇನ್ನೂ ಚೂಪಾಯಿತು. ಲೆನ್ಸಿನ ಒಳಗಿನ ಕತ್ತಲಿಗೆ ಕಿರಿದಾಗಿಸುವುದೇ ಮದ್ದು, ಹೊರಗಿನ ರಿಂಗಿನ ಕತ್ತಲಿಗೆ ಅದೇ ವಿಷ. ಫಿಲ್ಟರುಗಳು ಈಗ ಡ್ರಾಯರಿನಲ್ಲಿವೆ.